ಎಳೆಯರ ಗುರು ಪಂಜೆ ಮಂಗೇಶರಾಯರು

ಇಗರ್ಜಿಯೊಂದು ತನ್ನ ನೂರು ವರ್ಷಗಳ ಬಾಳನ್ನು ಹಿಂದಿರುಗಿ ನೋಡುವಾಗ ಅದನ್ನು ಕಟ್ಟಿದ ಧರ್ಮಗುರುಗಳನ್ನೂ, ನೆಲ ಕೊಟ್ಟ ದಾನಿಗಳನ್ನೂ, ಕಲ್ಲು ಮಣ್ಣು ಹೊತ್ತ ಭಕ್ತಬಾಂಧವರನ್ನೂ ನೆನೆಯುವುದು ಯೋಗ್ಯವಾದ ಸಂಪ್ರದಾಯ. ಆದರೆ ನಮ್ಮ ಇಗರ್ಜಿಗಳ ಮಗ್ಗುಲಲ್ಲಿ ಸಾಮಾನ್ಯವಾಗಿ ಇನ್ನೊಂದು ಕಟ್ಟಡವೂ ನಿಂತಿರುತ್ತದೆ. ಅದೇ ಪ್ರಾಥಮಿಕ ಶಾಲೆ. ಪುತ್ತೂರು, ಸುಳ್ಯ, ಕಡಬಗಳ ಈ ಸೀಮೆಯಲ್ಲಿ ಘಂಟೆಗೋಪುರದ ನೆರಳು ಬೀಳುವ ಅಂಗಳದಲ್ಲಿ ಅಕ್ಷರ ಕಲಿತವರು ಕ್ರೈಸ್ತರು ಮಾತ್ರವಲ್ಲ, ಎಲ್ಲ ಜಾತಿಮತಗಳ ಮಕ್ಕಳು. ಆ ಮಕ್ಕಳ ಬಾಯಿಗೆ ಹಾಡನ್ನೂ, ಕಿವಿಗೆ ಕಥೆಯನ್ನೂ, ಅವರ ಉಪಾಧ್ಯಾಯರ ಕೈಗೆ ತಕ್ಕ ಪುಸ್ತಕವನ್ನೂ ಕೊಟ್ಟ ಮಹನೀಯರಲ್ಲಿ ಮೊದಲಿಗರು ಪಂಜೆ ಮಂಗೇಶರಾಯರು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ನಮ್ಮ ಶಾಲೆಗಳ ಋಣವನ್ನು ಲೆಕ್ಕ ಹಾಕುವಾಗ ಅವರ ಹೆಸರನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಎಳೆಯ ಮಕ್ಕಳಿಗೆ ಕಲಿಸುವ ಕಾಯಕದ ಹಿರಿಮೆಯನ್ನು ತಮ್ಮ ಬಾಳಿನಿಂದ ತೋರಿಸಿಕೊಟ್ಟ ಆ ಚೇತನದ ಪರಿಚಯವನ್ನು ಈ ಸಂಚಿಕೆಯ ಓದುಗರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮನೆತನ ಮತ್ತು ಬಾಲ್ಯ

ಪಂಜೆಯವರು ಹುಟ್ಟಿದ್ದು ನೇತ್ರಾವತಿಯ ದಡದ ಬಂಟವಾಳದಲ್ಲಿ, ೧೮೭೪ರ ಫೆಬ್ರವರಿ ೨೨ರಂದು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಮನೆತನಕ್ಕೆ ಪಂಜೆ ಎಂಬ ಹೆಸರು ಬಂದುದು ನಮ್ಮ ಸೀಮೆಯಿಂದಲೇ. ಸುಬ್ರಹ್ಮಣ್ಯಕ್ಕೆ ಸಮೀಪದ, ಸುಳ್ಯದ ಕಡೆಯ ಪಂಜ ಎಂಬ ಊರು ಅವರ ಪೂರ್ವಿಕರು ನೆಲೆಸಿದ್ದ ಸ್ಥಳ. ಸುಬ್ರಹ್ಮಣ್ಯದ ಬದಿಯಲ್ಲಿ ಹರಿಯುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಬಂಟವಾಳಕ್ಕೆ ಇಳಿದು ಬರುವಂತೆ, ಆ ಮನೆತನವೂ ಘಟ್ಟದ ತಪ್ಪಲಿನಿಂದ ಬಂಟವಾಳಕ್ಕೆ ಇಳಿದು ಬಂದಿತು. ಊರು ಬಿಟ್ಟರೂ ಹೆಸರನ್ನು ಬಿಡಲಿಲ್ಲ. ಇಂದು ಕನ್ನಡ ನಾಡಿನಲ್ಲೆಲ್ಲ ಪರಿಚಿತವಾಗಿರುವ ಆ ಹೆಸರು ನಮ್ಮ ಮಲೆಗಾಡಿನ ಒಂದು ಗ್ರಾಮದ ಹೆಸರೆಂಬುದು ನಾವು ಮರೆಯಬಾರದ ಸಂಗತಿ.

ಅವರ ಮನೆಮಾತು ಕೊಂಕಣಿ. ಬಂಟವಾಳದ ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ಮಂಗಳೂರಿನ ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್. ಹೀಗೆ ಮಗುವು ಮನೆಯ ಹೊಸ್ತಿಲನ್ನು ದಾಟಿದೊಡನೆ ಮತ್ತೊಂದು ಭಾಷೆಗೆ ಕಾಲಿಡಬೇಕಾಗುವ ಕಷ್ಟವನ್ನು ಅವರು ಪುಸ್ತಕದಿಂದ ತಿಳಿದವರಲ್ಲ, ಸ್ವತಃ ಬಾಳಿ ಅರಿತವರು. ಮುಂದೆ ಅವರು ಮಕ್ಕಳಿಗಾಗಿ ಬರೆದುದೆಲ್ಲದರ ಹಿಂದೆ ಈ ಅನುಭವವಿದೆ.

ಅಂದಿನ ಶಾಲೆ

ಪಂಜೆಯವರ ಬಾಲ್ಯದಲ್ಲಿ ನಮ್ಮ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಇಂದಿನ ಪುತ್ತೂರು, ಸುಳ್ಯ, ಕಡಬದ ಬಹುಭಾಗವು ಉಪ್ಪಿನಂಗಡಿ ತಾಲೂಕು ಎನಿಸಿಕೊಂಡಿತ್ತು. ಸರಕಾರಿ ಶಾಲೆಗಳು ವಿರಳ. ಹಳ್ಳಿಗಳಲ್ಲಿ ಐಗಳ ಮಠಗಳೇ ಶಾಲೆಗಳು. ಹೊಯಿಗೆಯನ್ನು ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಕೂಗುವುದು, ಅರ್ಥ ತಿಳಿಯದ ಪದ್ಯಗಳನ್ನು ಉರು ಹೊಡೆಯುವುದು, ತಪ್ಪಿದರೆ ಬೆತ್ತದ ಏಟು ತಿನ್ನುವುದು, ಇವು ಅಲ್ಲಿಯ ಕಲಿಕೆಯ ಕ್ರಮ. ಬೆತ್ತವಿಲ್ಲದೆ ವಿದ್ಯೆ ಬಾರದೆಂಬುದು ತಂದೆತಾಯಿಗಳ ನಂಬಿಕೆಯೂ ಆಗಿತ್ತು. ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರವು ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ನೋಡಿ ಅನುದಾನ ಕೊಡುವ ಪದ್ಧತಿಯೂ ಆ ಕಾಲದಲ್ಲಿತ್ತು. ಆದುದರಿಂದ ಇನ್‌ಸ್ಪೆಕ್ಟರರು ಬರುವ ದಿನವೆಂದರೆ ಮಕ್ಕಳಿಗಿಂತ ಉಪಾಧ್ಯಾಯರಿಗೇ ಹೆಚ್ಚು ನಡುಕ.

ಶಾಲೆಗೆ ಬರುವ ಮಕ್ಕಳ ಪಾಡಾದರೂ ಎಂತಹುದು! ಮಳೆಗಾಲದಲ್ಲಿ ಗೊರಬೆಯನ್ನು ತಲೆಗೇರಿಸಿ, ಅಡಿಕೆಮರದ ಸಂಕವನ್ನು ದಾಟಿ, ಗದ್ದೆಯ ಹುಣಿಯಲ್ಲಿ ಜಾರುತ್ತ ಬರಬೇಕು. ಹೊಳೆ ಉಕ್ಕಿದ ದಿನ ಆಚೆ ದಡದ ಮಕ್ಕಳಿಲ್ಲ. ನೇಜಿಯ ಕಾಲದಲ್ಲಿ ಹೆಣ್ಣುಮಕ್ಕಳಿಲ್ಲ. ದನ ಮೇಯಿಸುವ ಹುಡುಗನನ್ನು ಶಾಲೆಗೆ ಕರೆತರಬೇಕಾದರೆ ಮಾಸ್ತರರು ಅವನ ಮನೆಯಂಗಳದಲ್ಲಿ ನಿಂತು ಬೇಡಿಕೊಳ್ಳಬೇಕು. ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳಬೇಕು. ಒಂದು ಮೂಲೆಯಲ್ಲಿ ಅ ಆ ಇ ಈ, ಇನ್ನೊಂದು ಮೂಲೆಯಲ್ಲಿ ಸಂಕಲನ ವ್ಯವಕಲನ, ಬಾಗಿಲ ಬಳಿಯಲ್ಲಿ ತಾಯಿಯನ್ನು ಬಿಟ್ಟು ಬಂದು ಅಳುತ್ತಿರುವ ಹೊಸ ಮಗು. ಸಂಬಳವೋ ಅತ್ಯಲ್ಪ. ಇಂತಹ ಕೋಣೆಯೊಳಗಿನ ಗುರುಶಿಷ್ಯರಿಬ್ಬರ ಸಂಕಟವನ್ನೂ ಬಲ್ಲ ಒಬ್ಬ ಅಧಿಕಾರಿಯು ಅವರಿಗೆ ದೊರೆತನೆಂಬುದೇ ಪಂಜೆಯವರ ಜೀವನದ ವಿಶೇಷ.

ಪಂಡಿತರು, ಉಪಾಧ್ಯಾಯರು, ತನಿಖಾಧಿಕಾರಿಗಳು

ಮಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಪಂಜೆಯವರು ೧೮೯೬ರಲ್ಲಿ ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆಗೆ ಸೇರಿದರು. ಮನೆಯ ಹೊರೆಯನ್ನು ಹೊತ್ತುಕೊಂಡೇ ಬಿ.ಎ. ಪದವಿಯನ್ನು ಪಡೆದರು. ಬಳಿಕ ಉಪಾಧ್ಯಾಯರ ತರಬೇತಿಗಾಗಿ ಮದ್ರಾಸಿನ ಸೈದಾಪೇಟೆಗೆ ಹೋಗಿ ಎಲ್.ಟಿ. ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಪಂಡಿತರಾಗಿದ್ದ ಕಾಲದಲ್ಲಿ ಅವರ ಶಿಷ್ಯರಾಗಿದ್ದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಅದೇ ಗೋವಿಂದ ಪೈಗಳು ಮುಂದೆ ಪ್ರಭು ಯೇಸುಕ್ರಿಸ್ತರ ಶಿಲುಬೆಯ ಮರಣವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಕನ್ನಡದ ಕ್ರೈಸ್ತರು ಇಂದಿಗೂ ಅಭಿಮಾನದಿಂದ ನೆನೆಯುವ ಆ ಕೃತಿಯ ಕರ್ತೃವಿಗೆ ಕನ್ನಡದ ರುಚಿಯನ್ನು ಹತ್ತಿಸಿದ ಗುರುಗಳಲ್ಲಿ ಪಂಜೆಯವರು ಒಬ್ಬರೆಂಬುದು ನಮಗೆ ಸಂತೋಷವನ್ನು ಕೊಡುವ ವಿಷಯ. ಉಪಾಧ್ಯಾಯನು ಬಿತ್ತಿದ ಬೀಜವು ಯಾವ ಹೊಲದಲ್ಲಿ ಫಲಿಸುವುದೆಂಬುದು ಬಿತ್ತಿದವನಿಗೂ ತಿಳಿಯದು.

ಪಂಡಿತರ ಹುದ್ದೆಯಿಂದ ಪಂಜೆಯವರು ಶಾಲೆಗಳ ತನಿಖಾಧಿಕಾರಿಯ ಕೆಲಸಕ್ಕೆ ಬಂದರು. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಗಳನ್ನು ಸುತ್ತುವುದು ಅವರ ಕರ್ತವ್ಯವಾಯಿತು. ದಾರಿಯೆಂಬ ದಾರಿಯಿಲ್ಲದ ಕಾಲ. ಅಂತಹ ಸಂಚಾರದಲ್ಲಿ ಅವರು ನೋಡಿದ್ದು ಹಾಜರಿ ಪುಸ್ತಕಗಳನ್ನಲ್ಲ, ಮಕ್ಕಳ ಮುಖಗಳನ್ನು. ಶಾಲೆಗೆ ಬಂದ ಇನ್‌ಸ್ಪೆಕ್ಟರರು ಕುರ್ಚಿಯಲ್ಲಿ ಕುಳಿತು ಪ್ರಶ್ನೆ ಕೇಳಿ ಮಕ್ಕಳನ್ನು ಬೆದರಿಸುವ ಬದಲು ತಾವೇ ಕಥೆ ಹೇಳತೊಡಗಿದರು, ಹಾಡತೊಡಗಿದರು, ಅಭಿನಯಿಸಿ ತೋರಿಸತೊಡಗಿದರು. ಉಪಾಧ್ಯಾಯರಿಗೆ ಇದಕ್ಕಿಂತ ಉತ್ತಮವಾದ ತರಬೇತಿ ಬೇರೆ ಇರಲಾರದು. ಹೀಗೆ ಕಲಿಸಿರಿ ಎಂಬ ಆಜ್ಞಾಪತ್ರಕ್ಕಿಂತ, ಹೀಗೆ ಕಲಿಸಬಹುದು ಎಂದು ಕಣ್ಣೆದುರಿಗೆ ಮಾಡಿ ತೋರಿಸುವುದು ಹೆಚ್ಚು ಫಲಕಾರಿ. ಭಯದಿಂದ ಕಲಿತದ್ದು ಬೆತ್ತ ದೂರವಾದೊಡನೆ ಮರೆತುಹೋಗುತ್ತದೆ, ಸಂತೋಷದಿಂದ ಕಲಿತದ್ದು ಮುಪ್ಪಿನವರೆಗೂ ಉಳಿಯುತ್ತದೆ ಎಂಬ ತತ್ವವನ್ನು ಅವರು ಭಾಷಣದಲ್ಲಿ ಸಾರದೆ ಆಚರಣೆಯಲ್ಲಿ ತೋರಿಸಿದರು.

ಮಕ್ಕಳಿಗಾಗಿ ಬರೆವಣಿಗೆ

ಶಾಲೆಗಳನ್ನು ಸುತ್ತಿದಂತೆಲ್ಲ ಅವರಿಗೆ ಎದ್ದು ಕಂಡ ಕೊರತೆಯೆಂದರೆ ತಕ್ಕ ಪುಸ್ತಕಗಳದ್ದು. ಮಕ್ಕಳ ಕೈಯಲ್ಲಿದ್ದ ಪಾಠಗಳು ದೊಡ್ಡವರ ನೀತಿಬೋಧೆಗಳು ಅಥವಾ ಹಳಗನ್ನಡದ ಪದ್ಯಗಳು. ಹೊರಗಡೆ ಚಿಟ್ಟೆಯನ್ನು ಅಟ್ಟಿಸಿಕೊಂಡು ಓಡುವ ಮಗುವಿಗೂ ಒಳಗಡೆಯ ಪಾಠಕ್ಕೂ ಏನೊಂದು ಸಂಬಂಧವಿರಲಿಲ್ಲ. ಈ ಕೊರತೆಯನ್ನು ತುಂಬಲು ಪಂಜೆಯವರು ತಾವೇ ಲೇಖನಿಯನ್ನು ಹಿಡಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಪದ್ಯಪುಸ್ತಕಗಳು ಶಾಲೆಯಿಂದ ಶಾಲೆಗೆ ಹರಡಿದವು. ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳಿಗಾಗಿಯೇ ಚಿಕ್ಕ ಚಿಕ್ಕ ಪುಸ್ತಕಗಳನ್ನು ಪ್ರಕಟಿಸಿದರು. ‘ಕವಿಶಿಷ್ಯ’ ಎಂಬ ವಿನಯದ ಹೆಸರಿನಲ್ಲಿ ಕವಿತೆಗಳನ್ನು ಬರೆದರು. ತಾನು ಕವಿಯಲ್ಲ, ಕವಿಯ ಶಿಷ್ಯ ಮಾತ್ರ ಎಂಬ ಭಾವ ಅದರಲ್ಲಿದೆ.

ಅವರ ‘ನಾಗರಹಾವು’ ಎಂಬ ಪದ್ಯವನ್ನು ಅರಿಯದ ಕನ್ನಡ ಶಾಲೆಯ ಮಗುವಿರಲಾರದು. ಹಾವೆಂದರೆ ತೋಟದಲ್ಲಿಯೂ ಹುಲ್ಲಿನಲ್ಲಿಯೂ ದಿನವೂ ಕಾಣಸಿಗುವ, ಭಯವೂ ಭಕ್ತಿಯೂ ಬೆರೆತ ಪ್ರಾಣಿ. ಅದನ್ನು ಮಗುವು ಎದುರಿಗೆ ನಿಂತು ಮಾತನಾಡಿಸುವಂತೆ ಅವರು ಮಾಡಿದರು. ‘ಉದಯರಾಗ’ದಲ್ಲಿ ಮೂಡುವ ಸೂರ್ಯನನ್ನೂ, ‘ತೆಂಕಣ ಗಾಳಿಯಾಟ’ದಲ್ಲಿ ಕರಾವಳಿಯ ಗಾಳಿಯ ಅಬ್ಬರವನ್ನೂ ಶಬ್ದಗಳಲ್ಲಿಯೇ ಕುಣಿಸಿದರು. ಪ್ರಾಸವೂ ಲಯವೂ ಇದ್ದುದರಿಂದ ಮಕ್ಕಳಿಗೆ ಬಾಯಿಪಾಠವು ಶಿಕ್ಷೆಯಾಗದೆ ಆಟವಾಯಿತು. ಕನ್ನಡ ಮನೆಮಾತಲ್ಲದ ಮಗುವಿಗೆ ಇದರಿಂದಾದ ಉಪಕಾರ ಮತ್ತೂ ದೊಡ್ಡದು. ಅರ್ಥವು ಪೂರ್ಣ ತಿಳಿಯುವ ಮೊದಲೇ ನಾಲಗೆಯು ಭಾಷೆಯ ಉಚ್ಚಾರಕ್ಕೆ ಒಗ್ಗುತ್ತದೆ, ಒಗ್ಗಿದ ಮೇಲೆ ಅರ್ಥವು ತಾನಾಗಿ ಬಂದು ಸೇರುತ್ತದೆ.

‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನು ನೋಡಿರಿ. ಸಿಗಡಿಯೆಂದರೆ ನಮ್ಮ ಕರಾವಳಿಯ ಬಡವರ ಅಡಿಗೆಮನೆಯ ವಸ್ತು. ಆ ಒಂದು ಪ್ರಶ್ನೆಯಿಂದ ಇನ್ನೊಂದು ಪ್ರಶ್ನೆ ಹುಟ್ಟಿ, ಒಂದು ಉತ್ತರವು ಮತ್ತೊಂದನ್ನು ಎಳೆದು ತಂದು ಕಥೆ ಸರಪಳಿಯಂತೆ ಬೆಳೆಯುತ್ತದೆ. ಮಗುವಿನ ನೆನಪಿನ ಶಕ್ತಿಗೂ, ಕಾರ್ಯಕಾರಣ ಸಂಬಂಧವನ್ನು ತಿಳಿಯುವ ಬುದ್ಧಿಗೂ ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಹುಡುಕುವುದು ಕಷ್ಟ. ‘ಗುಡುಗುಡು ಗುಮ್ಮಟ ದೇವರು’, ‘ಅರ್ಗಣೆ ಮುದ್ದೆ’, ‘ಮೆಣಸಿನ ಕಾಳಪ್ಪ’ ಮೊದಲಾದ ಕಥೆಗಳ ಹೆಸರುಗಳೇ ಮಕ್ಕಳನ್ನು ನಗಿಸುತ್ತವೆ. ನಗುವ ಮಗುವು ಕಲಿಯದೆ ಇರಲಾರದು.

ದೊಡ್ಡವರಿಗಾಗಿಯೂ ಅವರು ಬರೆದರು. ೧೯೦೦ರ ಸುಮಾರಿಗೆ ‘ಸುವಾಸಿನಿ’ ಪತ್ರಿಕೆಯಲ್ಲಿ ಪ್ರಕಟವಾದ ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ ಎಂಬವು ಕನ್ನಡದ ಅತ್ಯಂತ ಮೊದಲಿನ ಸಣ್ಣಕಥೆಗಳೆಂದು ಗಣಿಸಲ್ಪಟ್ಟಿವೆ. ‘ಹರಟೆಮಲ್ಲ’ನೆಂಬ ಹೆಸರಿನಲ್ಲಿ ಹಾಸ್ಯ ಲೇಖನಗಳನ್ನು ಬರೆದರು. ೧೯೨೪ರಲ್ಲಿ ‘ಕೋಟಿ ಚೆನ್ನಯ’ ಪ್ರಕಟವಾಯಿತು. ಇದು ನಮ್ಮ ಸೀಮೆಯ ಕಥೆಯೇ. ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ದೇಯಿ ಬೈದೆತಿಯ ಅವಳಿ ಮಕ್ಕಳಾಗಿ ಹುಟ್ಟಿ, ಪಂಜದಲ್ಲಿ ಮೋಸಕ್ಕೆ ಸಿಕ್ಕಿ, ಎಣ್ಮೂರಿನಲ್ಲಿ ಆಶ್ರಯ ಪಡೆದು ವೀರಮರಣವನ್ನಪ್ಪಿದ ಆ ಸಹೋದರರ ವೃತ್ತಾಂತವು ತುಳು ಪಾಡ್ದನಗಳಲ್ಲಿ, ನೇಜಿ ನೆಡುವ ಹೆಂಗಸರ ಬಾಯಲ್ಲಿ ಉಳಿದುಬಂದಿತ್ತು. ಪಂಜೆಯವರು ಅದನ್ನು ಕನ್ನಡ ಗದ್ಯಕ್ಕೆ ತಂದರು. ಶಾಲೆಯಲ್ಲಿ ಕಲಿಯುವ ಮಗುವಿನ ಕೈಗೆ ಅದರ ಸ್ವಂತ ಊರಿನ, ಸ್ವಂತ ಜನರ ಕಥೆಯು ಅಚ್ಚಾದ ಪುಸ್ತಕದ ರೂಪದಲ್ಲಿ ದೊರೆಯಿತು. ಗದ್ದೆಯ ಕೆಲಸದವರ ಹಾಡಿಗೂ ಪುಸ್ತಕದ ಮರ್ಯಾದೆ ಉಂಟೆಂಬುದು ಆ ಮಗುವಿಗೆ ತಿಳಿಯಿತು.

ಕೊನೆಯ ವರ್ಷಗಳು

ಕೊಡಗಿನಲ್ಲಿಯೂ ಪಂಜೆಯವರು ಶಿಕ್ಷಣದ ಸೇವೆಯನ್ನು ಸಲ್ಲಿಸಿದರು. ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಹೋದಲ್ಲೆಲ್ಲ ಆ ನೆಲವನ್ನು ಪ್ರೀತಿಸುವುದು ಅವರ ಸ್ವಭಾವ. ಕೊಡವರ ಸುಗ್ಗಿಯ ಹಬ್ಬವನ್ನೂ ನಾಡನ್ನೂ ಹೊಗಳಿ ಅವರು ಬರೆದ ‘ಹುತ್ತರಿ ಹಾಡು’ ಕೊಡಗಿನವರ ಹೃದಯದಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದಿದೆ. ೧೯೨೯ರಲ್ಲಿ ನಿವೃತ್ತರಾದರು. ೧೯೩೪ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯು ಅವರಿಗೆ ಸಂದಿತು. ಮಹಾಕಾವ್ಯಗಳನ್ನು ಬರೆಯದೆ, ಮಕ್ಕಳಿಗಾಗಿ ಹಾಡು ಕಥೆಗಳನ್ನು ಬರೆದ ಶಾಲಾ ಉಪಾಧ್ಯಾಯರೊಬ್ಬರಿಗೆ ನಾಡು ಸಲ್ಲಿಸಿದ ಗೌರವವದು. ೧೯೩೭ರ ಅಕ್ಟೋಬರಿನಲ್ಲಿ, ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ, ಹುಟ್ಟೂರಿನಿಂದ ಬಹು ದೂರದ ಹೈದರಾಬಾದಿನಲ್ಲಿ ನ್ಯುಮೋನಿಯಾದಿಂದ ಅವರು ತೀರಿಕೊಂಡರು.

ಅವರ ಹಂಬಲವು ಅವರೊಂದಿಗೆ ಅಳಿಯಲಿಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಕೋಟ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು. ತಮ್ಮ ಬಾಲವನದಲ್ಲಿ ಮಕ್ಕಳಿಗೆ ಆಟಪಾಟಗಳ ಮೂಲಕ ಕಲಿಸುವ ಪ್ರಯೋಗಗಳನ್ನು ನಡೆಸಿದರು. ಮಗುವನ್ನು ಮಗುವೆಂದೇ ಗೌರವಿಸಬೇಕೆಂಬ ಭಾವನೆಯು ನಮ್ಮ ಸೀಮೆಯಲ್ಲಿ ಹೀಗೆ ಬೇರೂರಿತು.

ನಮ್ಮ ಶಾಲೆಗಳು ಮತ್ತು ಪಂಜೆಯವರು

ಪಂಜೆಯವರು ಹುಟ್ಟುವುದಕ್ಕೆ ಮೊದಲೇ, ೧೮೩೦ರಲ್ಲಿ, ಪುತ್ತೂರಿನ ಮಾಯಿ ದೆ ದೇವುಸ್ ಇಗರ್ಜಿ ಸ್ಥಾಪಿತವಾಗಿತ್ತು. ೧೮೭೦ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತಳಹದಿ ಹಾಕಿದರು. ೧೮೮೦ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ೧೮೮೭ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆ ಮಂಗಳೂರಿನಲ್ಲಿಯೇ ಜನ್ಮ ತಾಳಿತು. ಪುತ್ತೂರಿನಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊರವರ ಸಾಹಸದಿಂದ ಸಂತ ಫಿಲೋಮಿನಾ ವಿದ್ಯಾಸಂಸ್ಥೆಗಳು ಬೆಳೆದು, ೧೯೫೮ರಲ್ಲಿ ಕಾಲೇಜೂ ಆರಂಭವಾಯಿತು. ಆದರೆ ಕಾಲೇಜಿನ ಮಾಳಿಗೆಯನ್ನು ಹೊತ್ತು ನಿಂತ ಅಡಿಗಲ್ಲು ಹಳ್ಳಿಯ ಪ್ರಾಥಮಿಕ ಶಾಲೆಯೇ. ಆ ಅಡಿಗಲ್ಲನ್ನು ಇಟ್ಟವರು ಹೆಸರು ಕೇಳಿಸದ ಮಾಸ್ತರರು, ಟೀಚರಮ್ಮಂದಿರು, ಭಗಿನಿಯರು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಜಿಲ್ಲೆಯ ಕೊಂಕಣಿ ಕಥೋಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ೧೯೧೨ರಲ್ಲಿ ಪ್ರಾರಂಭವಾದ ‘ಕೊಂಕ್ಣಿ ದಿರ್ವೆಂ’ ಪತ್ರಿಕೆಯಾಗಲಿ, ೧೯೩೮ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯಾಗಲಿ, ನಮ್ಮ ಅಜ್ಜ ಅಜ್ಜಿಯರ ಕೈಯ ಪ್ರಾರ್ಥನಾ ಪುಸ್ತಕವಾಗಲಿ ಕನ್ನಡ ಅಕ್ಷರಗಳಲ್ಲಿಯೇ ಅಚ್ಚಾದವು. ಆದುದರಿಂದ ಒಂದನೆಯ ತರಗತಿಯ ಮಾಸ್ತರರು ಮಗುವಿನ ಕೈಹಿಡಿದು ಹೊಯಿಗೆಯ ಮೇಲೋ ಸ್ಲೇಟಿನ ಮೇಲೋ ತಿದ್ದಿಸಿದ ಅಕ್ಷರವು ಕನ್ನಡ ಪುಸ್ತಕದ ಬಾಗಿಲನ್ನು ಮಾತ್ರವಲ್ಲ, ದೇವರ ಪ್ರಾರ್ಥನೆಯ ಪುಸ್ತಕದ ಬಾಗಿಲನ್ನೂ ತೆರೆಯಿತು. ತುಳು, ಕೊಂಕಣಿ, ಅರೆಭಾಷೆ, ಮಲೆಯಾಳ, ಬ್ಯಾರಿ ಮಾತುಗಳನ್ನಾಡುವ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಹಾಡನ್ನು ಹಾಡಿದರು. ನಮ್ಮ ಸೀಮೆಯ ಜನರು ಪರಸ್ಪರ ಅರಿತು ಬಾಳುವುದಕ್ಕೆ ಆ ಬೆಂಚು ಮಾಡಿದ ಸಹಾಯ ಸಣ್ಣದಲ್ಲ. ಆ ಹಾಡನ್ನು ಒದಗಿಸಿದವರು ಸ್ವತಃ ಕೊಂಕಣಿ ಮನೆಯಲ್ಲಿ ಹುಟ್ಟಿ, ತುಳುವರ ನಡುವೆ ಬೆಳೆದು, ಕನ್ನಡದಲ್ಲಿ ಬರೆದ ಪಂಜೆಯವರು.

ಮಕ್ಕಳನ್ನು ತಮ್ಮ ಬಳಿಗೆ ತಂದವರನ್ನು ಶಿಷ್ಯರು ಗದರಿಸಿದಾಗ, ಪ್ರಭು ಯೇಸುಸ್ವಾಮಿಯವರು ಶಿಷ್ಯರನ್ನೇ ಗದರಿಸಿ ಮಕ್ಕಳನ್ನು ಅಪ್ಪಿಕೊಂಡರೆಂದು ಶುಭಸಂದೇಶದಲ್ಲಿ ಓದುತ್ತೇವೆ. ಎಳೆಯ ಮಕ್ಕಳ ಕೆಲಸವು ದೊಡ್ಡವರ ಕೆಲಸಕ್ಕಿಂತ ಕೀಳೆಂಬ ಭಾವನೆಗೆ ಅಲ್ಲಿಯೇ ಉತ್ತರವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯು ತಂದೆತಾಯಿಗಳೇ ಮಕ್ಕಳ ಮೊದಲ ಶಿಕ್ಷಕರೆಂದು ಸಾರಿ, ಶಾಲೆಯ ಉಪಾಧ್ಯಾಯರ ವೃತ್ತಿಯನ್ನು ಶ್ರೇಷ್ಠವಾದ ಕರೆಯೆಂದು ಎಣಿಸಿತು. ಪಂಜೆಯವರು ಈ ಮಾತುಗಳಲ್ಲಿ ಹೇಳದೆ ಹೋದರೂ ಇದೇ ದಾರಿಯಲ್ಲಿ ನಡೆದವರು. ಒಳ್ಳೆಯದು ಎಲ್ಲಿದ್ದರೂ ಅದನ್ನು ಗುರುತಿಸಿ ಗೌರವಿಸುವುದು ನಮ್ಮ ವಿಶ್ವಾಸಕ್ಕೆ ಒಪ್ಪುವ ನಡತೆಯಾಗಿದೆ.

ಇಂದಿನ ಪ್ರಶ್ನೆ

ಶತಮಾನೋತ್ಸವದ ಸಂಭ್ರಮದಲ್ಲಿ ಒಂದು ಕಹಿಯಾದ ಸತ್ಯವನ್ನೂ ಹೇಳಬೇಕಾಗಿದೆ. ಮಕ್ಕಳ ಗದ್ದಲದಿಂದ ತುಂಬಿದ್ದ ಅನೇಕ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಲ್ಲಿ ಇಂದು ಬೆಂಚುಗಳು ಖಾಲಿಯಾಗುತ್ತಿವೆ. ಸೇತುವೆಗಳು ಬಂದಿವೆ, ದಾರಿಗಳು ಆಗಿವೆ, ಆದರೆ ಆ ದಾರಿಯಲ್ಲಿ ವಾಹನಗಳು ಮಕ್ಕಳನ್ನು ಹತ್ತಿರದ ಶಾಲೆಯಿಂದ ದೂರದ ಶಾಲೆಗೆ ಕೊಂಡೊಯ್ಯುತ್ತಿವೆ. ತಮ್ಮ ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಲೆಂದು ತಂದೆತಾಯಿಗಳು ಬಯಸುವುದು ತಪ್ಪಲ್ಲ. ಪಂಜೆಯವರೂ ಇಂಗ್ಲಿಷ್ ಕಲಿತವರೇ, ಇಂಗ್ಲಿಷಿನ ಕಥೆಗಳನ್ನೂ ಪದ್ಯಗಳನ್ನೂ ಕನ್ನಡದ ಮಕ್ಕಳಿಗೆ ಒಗ್ಗಿಸಿ ಕೊಟ್ಟವರೇ. ಆದರೆ ಹೊಸ ಭಾಷೆಯು ಮಗುವಿಗೆ ಭಯವಾಗಿ ಬರಬಾರದು, ಹಾಡಾಗಿ ಬರಬೇಕು ಎಂಬುದು ಅವರ ಬಾಳಿನ ಪಾಠ. ಅಂದು ಕನ್ನಡವೇ ಹೊಸ ಭಾಷೆಯಾಗಿದ್ದ ಕೊಂಕಣಿಯ, ತುಳುವಿನ ಮಗುವಿಗೆ ಅವರು ಹೇಗೆ ದಾರಿ ಮಾಡಿಕೊಟ್ಟರೋ ಹಾಗೆಯೇ ಇಂದಿನ ಮಗುವಿಗೂ ದಾರಿ ಮಾಡಿಕೊಡುವವರು ಬೇಕು. ಅರ್ಥವಾಗದ ಮಾತುಗಳನ್ನು ಉರು ಹೊಡೆಸುವ ಶಾಲೆಯು ಎಷ್ಟು ಶುಲ್ಕ ತೆಗೆದುಕೊಂಡರೂ ಹಳೆಯ ಐಗಳ ಮಠಕ್ಕಿಂತ ಮುಂದೆ ಹೋದಂತಾಗಲಿಲ್ಲ.

ಆದುದರಿಂದ ಶತಮಾನೋತ್ಸವದ ನೆನಪಿಗೆ ಹೊಸ ಕಟ್ಟಡವನ್ನು ಕಟ್ಟಬೇಕೇ ಎಂದು ಯೋಚಿಸುವ ಮೊದಲು, ಇರುವ ಶಾಲೆಯ ಒಂದನೆಯ ತರಗತಿಗೆ ನಾವು ಏನನ್ನು ಮಾಡಬಲ್ಲೆವೆಂದು ಯೋಚಿಸುವುದು ಲೇಸು. ಅಲ್ಲಿಗೆ ಕಥೆಪುಸ್ತಕಗಳ ಒಂದು ಕಪಾಟು ಬರಲಿ. ವಾರಕ್ಕೊಂದು ದಿನ ಊರಿನ ಹಿರಿಯರೊಬ್ಬರು ಹೋಗಿ ಮಕ್ಕಳಿಗೆ ಕಥೆ ಹೇಳಲಿ. ಎಳೆಯರಿಗೆ ಕಲಿಸುವ ಉಪಾಧ್ಯಾಯರನ್ನು ಹಬ್ಬದ ದಿನ ವೇದಿಕೆಯ ಮೂಲೆಯಲ್ಲಿ ನಿಲ್ಲಿಸದೆ ಮುಂದಿನ ಸಾಲಿನಲ್ಲಿ ಕುಳ್ಳಿರಿಸಲಿ. ಅವರ ಸಂಬಳವು ತಿಂಗಳು ತಿಂಗಳು ಸರಿಯಾಗಿ ಕೈಸೇರುವಂತೆ ನೋಡಿಕೊಳ್ಳಲಿ. ಬಹಳ ಹಣ ಬೇಡುವ ಕೆಲಸಗಳಲ್ಲ ಇವು. ಮನಸ್ಸು ಬೇಡುವ ಕೆಲಸಗಳು.

ಪಂಜೆಯವರು ತೀರಿಕೊಂಡು ಎಷ್ಟೋ ದಶಕಗಳು ಸಂದಿವೆ. ಅವರನ್ನು ಕಣ್ಣಾರೆ ಕಂಡ ಮಕ್ಕಳ ತಲೆಮಾರೂ ಅಳಿದುಹೋಗಿದೆ. ಆದರೂ ಸುಳ್ಯದ ಒಂದು ಶಾಲೆಯಲ್ಲಿಯೋ ಕಡಬದ ಒಂದು ಅಂಗನವಾಡಿಯಲ್ಲಿಯೋ ಪುಟ್ಟ ಮಗುವೊಂದು ಕೈಯನ್ನು ಹೆಡೆಯಂತೆ ಎತ್ತಿ ಹಾವಿನ ಹಾಡನ್ನು ಹಾಡುವಾಗ ಆ ಗುರುವಿನ ಪಾಠವು ಇನ್ನೂ ಮುಗಿದಿಲ್ಲವೆಂದು ತಿಳಿಯುತ್ತದೆ. ಅಂತಹ ಗುರುಗಳು ನಮ್ಮ ಧರ್ಮಕೇಂದ್ರದ ಮಕ್ಕಳಿಗೂ ದೊರೆಯಲಿ, ದೊರೆತವರನ್ನು ಗೌರವಿಸುವ ಬುದ್ಧಿಯು ನಮಗೂ ದೊರೆಯಲಿ ಎಂದು ಈ ಶುಭ ಸಂದರ್ಭದಲ್ಲಿ ಸರ್ವೇಶ್ವರನಲ್ಲಿ ಪ್ರಾರ್ಥಿಸೋಣ.